ಕೀಲು ನೋವಿನ ಮಾತ್ರೆ: ತಿಳಿದು ನುಂಗೋಣ



ನಮ್ಮ ಕಲಿಕೆ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಬೆರಳಿನ ಗಿಣ್ಣೆಲ್ಲ ಊದಿತ್ತು. ಬಳಪ ಹಿಡಿಯೋಕೂ ಕಷ್ಟ, ಮುದ್ದೆ ಕಟ್ಟೋಕೂ ಕಷ್ಟ. ಅಂಗಡಿಯಲ್ಲಿ ಕೇಳಿ ಒಂದು ಮಾತ್ರೆ ತಂದರು. ಎರಡೇ ದಿನಕ್ಕೆ ನೋವು ಇಳಿಯಿತು. "ಎಂಥಾ ಒಳ್ಳೇ ಮಾತ್ರೆ!" ಅಂತ ನಾವೂ ಅಂದೆವು.

ಅಕ್ಕ ಒಂದು ವರ್ಷ ನುಂಗಿದರು. ಮುಖ ದುಂಡಗಾಯಿತು. "ಮೈ ಕೈ ತುಂಬಿಕೊಂಡಿದ್ದೀಯ" ಅಂದರು ಜನ. ಒಂದು ಸಲ ಕೈಯಲ್ಲಿ ಕಾಸಿರಲಿಲ್ಲ. ಮಾತ್ರೆ ನಿಂತಿತು. ನಾಲ್ಕು ದಿನದಲ್ಲಿ ವಾಂತಿ, ಸುಸ್ತು, ತಲೆ ಸುತ್ತು. ಕೇಂದ್ರದಲ್ಲೇ ಕುಸಿದು ಬಿದ್ದರು. ಆಸ್ಪತ್ರೆಗೆ ಕರೆದೊಯ್ದೆವು.

ಡಾಕ್ಟರಮ್ಮ ಮಾತ್ರೆ ನೋಡಿದರು. "ಇದು ಸ್ಟೀರಾಯ್ಡ್. ಹೆಸರು ಪ್ರೆಡ್ನಿಸೊಲೋನ್" ಅಂದರು.

ಸ್ಟೀರಾಯ್ಡ್ ಅಂದರೇನು? ನಮ್ಮ ಮೂತ್ರಪಿಂಡಗಳ ಮೇಲೆ ಎರಡು ಸಣ್ಣ ಗ್ರಂಥಿಗಳಿವೆ. ಅವು ದಿನವೂ ಒಂದು ರಸ ಮಾಡುತ್ತವೆ. ಈ ಮಾತ್ರೆ ಆ ರಸದ ಹಾಗೇ ಕೆಲಸ ಮಾಡುತ್ತದೆ. ಉರಿ, ಊತ ತಗ್ಗಿಸುತ್ತದೆ. 1948ರಲ್ಲಿ ಅಮೆರಿಕದಲ್ಲಿ ಸಂಧಿವಾತದ ಒಬ್ಬ ಹೆಂಗಸಿಗೆ ಇಂಥ ಔಷಧಿ ಮೊದಲು ಕೊಟ್ಟರು. ಆಕೆ ಕೆಲವೇ ದಿನದಲ್ಲಿ ಓಡಾಡಿದಳು. ಉಬ್ಬಸಕ್ಕೂ ಇದು ಬೇಕು. ಔಷಧಿ ಕೆಟ್ಟದ್ದಲ್ಲ. ಅಳತೆ ತಪ್ಪಿದರೆ ಕೆಟ್ಟದ್ದು.

ಬಹಳ ದಿನ ನುಂಗಿದರೆ ಸಕ್ಕರೆ ಕಾಯಿಲೆ, ಬಿ.ಪಿ. ಬರಬಹುದು. ಮೂಳೆ ಸವೆಯಬಹುದು. ಕಣ್ಣಿಗೆ ಪೊರೆ ಬರಬಹುದು. ಸೋಂಕು ಬೇಗ ತಗಲಬಹುದು.

ತಟ್ಟನೆ ಬಿಟ್ಟರೆ ಯಾಕೆ ಅಪಾಯ? ದಿನವೂ ಯಾರೋ ಮನೆಗೆ ನೀರು ತಂದುಕೊಟ್ಟರೆ ನಾವು ಬಾವಿಗೆ ಹೋಗೋದು ಬಿಡುತ್ತೇವೆ. ಹಾಗೇ ಮಾತ್ರೆ ಬರುತ್ತಿದ್ದರೆ ಗ್ರಂಥಿ ಕೆಲಸ ಮರೆಯುತ್ತದೆ. ಒಮ್ಮೆಗೇ ನಿಲ್ಲಿಸಿದರೆ ಮೈಯಲ್ಲಿ ಆ ರಸವೇ ಇರದು. ಜೀವಕ್ಕೇ ಕುತ್ತು.

ಡಾಕ್ಟರಮ್ಮ ಅಕ್ಕನಿಗೆ ಸಂಧಿವಾತದ ಬೇರೆ ಔಷಧಿ ಕೊಟ್ಟರು. ಸ್ಟೀರಾಯ್ಡನ್ನು ಸ್ವಲ್ಪ ಸ್ವಲ್ಪವೇ ಇಳಿಸಿದರು. ಎಷ್ಟು ನುಂಗಿದೆ ಅಂತ ಅಕ್ಕ ದಿನವೂ ಕ್ಯಾಲೆಂಡರಿನಲ್ಲಿ ತಾವೇ ಬರೆದರು. ಕಲಿತ ಅಂಕಿ ಕೈ ಹಿಡಿಯಿತು. ಈಗ ಮತ್ತೆ ಮುದ್ದೆ ಕಟ್ಟುತ್ತಾರೆ, ಬಳಪವನ್ನೂ ಹಿಡಿಯುತ್ತಾರೆ.

ನೆನಪಿಡೋಣ:

1. ಮಾತ್ರೆಯ ಪಟ್ಟಿ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಬೇಕೇ ಬೇಕು.

2. "ಇದು ಸ್ಟೀರಾಯ್ಡಾ? ಎಷ್ಟು ದಿನ?" ಅಂತ ಕೇಳೋಣ. ಉತ್ತರ ಬರೆದುಕೊಳ್ಳೋಣ.

3. ಊಟ, ತಿಂಡಿ ಆದ ಮೇಲೆ ನುಂಗೋಣ.

4. ನಾವಾಗಿಯೇ ಶುರು ಮಾಡುವುದು ಬೇಡ. ನಾವಾಗಿಯೇ ಬಿಡುವುದೂ ಬೇಡ.

ಕೇಳೋಕೆ ನಾಚಿಕೆ ಯಾಕೆ? ಮೈ ನಮ್ಮದು.