ಪದರ, ತಿರುವು, ಬೆಳಕು



ಬೆಳಕನ್ನು ಹದಕ್ಕೆ ತರುವ ವಿದ್ಯೆಯು ಅತ್ತಿಗುಂಡಿಯ ಬೆಳೆಗಾರರಿಗೆ ಹೊಸತಲ್ಲ. ಮೇಲೆ ಅತ್ತಿ ಹಲಸುಗಳ ನೆರಳು, ಕೆಳಗೆ ಹಾಲುವಾಣದ ನೆರಳು. ಈ ಎರಡು ಪದರಗಳಲ್ಲಿ ಬಿಸಿಲನ್ನು ಸೋಸಿ, ಸಕಾಲದಲ್ಲಿ ಮರಗಸಿ ಮಾಡಿ, ಕಾಫಿಗಿಡಕ್ಕೆ ಬೇಕಾದಷ್ಟನ್ನೇ ಇಳಿಸುವರು. ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳಿಂದ ಬೆಳಕನ್ನು ಆಳುವ ಶಾಸ್ತ್ರವೊಂದು ಈಗ ಬೆಳೆಯುತ್ತಿರುವುದು. ಅದರ ಮರ್ಮವು ಪದರಗಳ ನಡುವಣ ತಿರುವಿನಲ್ಲಿರುವುದು.

ಕಾಗೆಬಂಗಾರವೆಂಬ ಅಭ್ರಕವನ್ನು ಎಲ್ಲರೂ ಬಲ್ಲರು. ಅದರ ಹಾಳೆಗಳನ್ನು ಒಂದೊಂದಾಗಿ 60 ಅಂಶಗಳಷ್ಟು ತಿರುಗಿಸುತ್ತ ಪೇರಿಸಿದರೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು ಅದರೊಳಗೆ ಹಾಯುವಾಗ ತನ್ನ ಕಂಪನದ ದಿಕ್ಕನ್ನೇ ತಿರುಗಿಸಿಕೊಳ್ಳುವುದೆಂದು ಜರ್ಮನಿಯ ರಾಯ್ಶ್ ಎಂಬ ವಿದ್ವಾಂಸರು 1869ರಲ್ಲಿ ತೋರಿಸಿದರು. ಬಿಡಿ ಹಾಳೆಗಿಲ್ಲದ ಗುಣವು ತಿರುವಿನಿಂದ ಪೇರಿಕೆಗೆ ಬಂದಿತು.

ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾಲಯದಲ್ಲಿ ಎಸ್. ಪಂಚರತ್ನಂ ಎಂಬ ತರುಣರು ಇದೇ ಮಾರ್ಗವನ್ನು ಹಿಡಿದರು. ಇಂತಹ ಫಲಕಗಳು ಒಂದೊಂದು ಬಣ್ಣಕ್ಕೆ ಒಂದೊಂದು ಬಗೆಯಾಗಿ ವರ್ತಿಸುವುದು ದೊಡ್ಡ ತೊಡಕಾಗಿದ್ದಿತು. ಮೂರು ಫಲಕಗಳನ್ನು ತಕ್ಕ ಕೋನಗಳಲ್ಲಿ ತಿರುಗಿಸಿ ಜೋಡಿಸಿ, 1955ರಲ್ಲಿ ಅವರು ಆ ತೊಡಕನ್ನು ಬಹುಮಟ್ಟಿಗೆ ನೀಗಿದರು. ಮರುವರ್ಷ, 22ನೆಯ ವಯಸ್ಸಿನಲ್ಲಿ, ಬೆಳಕಿನ ಧ್ರುವೀಕರಣವು ನಾನಾ ಸ್ಥಿತಿಗಳನ್ನು ಸುತ್ತಿ ಮೊದಲಿನ ಸ್ಥಿತಿಗೆ ಮರಳಿದರೂ, ಸುತ್ತಿದ ದಾರಿಯ ಗುರುತು ಅಲೆಯ ಹಂತದಲ್ಲಿ ಉಳಿಯುವುದೆಂಬ ತತ್ತ್ವವನ್ನು ಪ್ರಕಟಿಸಿದರು. ಲೋಕವು ಅದನ್ನು ಗಮನಿಸಲಿಲ್ಲ. 1969ರಲ್ಲಿ, 35ನೆಯ ವಯಸ್ಸಿನಲ್ಲಿ, ಅವರು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿಯವರು ಅಂತಹುದೇ ತತ್ತ್ವವನ್ನು ಬೇರೆ ದಾರಿಯಿಂದ ಕಂಡ ಬಳಿಕ, 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಇವರು ಪಂಚರತ್ನಂರ ಹಳೆಯ ಲೇಖನವನ್ನು ಎತ್ತಿ ತೋರಿಸಿದರು.

ಈಗ ಪದರವು ಪರಮಾಣುವಿನ ಅಳತೆಗೆ ಇಳಿದಿರುವುದು. ಗ್ರಾಫೀನ್ ಎಂಬ ಇಂಗಾಲದ ಹಾಳೆಯ ದಪ್ಪವು ಸುಮಾರು 0.34 ನ್ಯಾನೋಮೀಟರು, ಕಾಣುವ ಬೆಳಕಿನ ಅಲೆಯ ಉದ್ದವಾದರೋ 400ರಿಂದ 700 ನ್ಯಾನೋಮೀಟರು. ಎರಡು ಜರಡಿಗಳನ್ನು ಒಂದರ ಮೇಲೊಂದಿಟ್ಟು ತುಸು ತಿರುಗಿಸಿದರೆ, ಎರಡರಲ್ಲಿಯೂ ಇಲ್ಲದ ದೊಡ್ಡ ವಿನ್ಯಾಸವೊಂದು ಕಾಣುವುದಷ್ಟೆ. ಪರಮಾಣುಗಳ ಹಾಳೆಗಳಲ್ಲಿಯೂ ಹಾಗೆಯೇ. 2018ರಲ್ಲಿ, ಸುಮಾರು 1.1 ಅಂಶ ತಿರುಗಿಸಿದ ಗ್ರಾಫೀನ್ ಜೋಡಿಯು ಅತಿಶೀತದಲ್ಲಿ ವಿದ್ಯುತ್ತನ್ನು ತಡೆಯಿಲ್ಲದೆ ಹರಿಯಿಸಿದುದು ಕಂಡುಬಂದಿತು. 2020ರಲ್ಲಿ ಮಾಲಿಬ್ಡಿನಮ್ ಟ್ರೈಆಕ್ಸೈಡಿನ ಎರಡು ತೆಳುಪದರಗಳನ್ನು ತಕ್ಕ ಕೋನದಲ್ಲಿ ತಿರುಗಿಸಿದಾಗ, ಸ್ಫಟಿಕದ ಕಂಪನದೊಡನೆ ಬೆರೆತ ಅವಕೆಂಪು ಬೆಳಕು, ಅಗಲಕ್ಕೆ ಹರಡದೆ, ಕಾಲುವೆಯ ನೀರಿನಂತೆ ಒಂದೇ ದಿಕ್ಕಿಗೆ ನಡೆಯಿತು.

ಪಂಚರತ್ನಂರ ಬರೆಹವು ಮೂವತ್ತು ವರ್ಷ ಮರೆಯಲ್ಲಿದ್ದುದು ಅದು ಸುಳ್ಳೆಂಬುದರಿಂದಲ್ಲ, ಓದಿದವರು ಕೆಲವರೇ ಆದುದರಿಂದ. ನಾಡಿನ ಮಕ್ಕಳು ಇಂತಹ ವಿಷಯವನ್ನು ತಮ್ಮ ನುಡಿಯಲ್ಲಿ ಓದಿ ವಿಚಾರಿಸುವಂತಾದರೆ, ಮುಂದೊಬ್ಬ ತರುಣನ ಶ್ರಮವು ಅವನು ಬದುಕಿರುವಾಗಲೇ ಬೆಳಕಿಗೆ ಬಂದೀತು.