ಐದು ನಕ್ಷತ್ರಗಳ ಕೂಟಲೇಖ



ನಮ್ಮ ಬಂಧುಗಳ ಹುಡುಗನೊಬ್ಬ ಪುಣೆಯಲ್ಲಿ ಸಿಹಿತಿಂಡಿಯ ಅಂಗಡಿ ತೆರೆದನು. ಮನೆಯವರ ವಾಟ್ಸಾಪ್ ಗುಂಪಿಗೆ ಸಂದೇಶ ಬಂದಿತು: “ಎಲ್ಲರೂ ಗೂಗಲ್‌ನಲ್ಲಿ ಐದು ನಕ್ಷತ್ರ ಕೊಡಿ.” ಮುಂಬಯಿಯಲ್ಲಿ ಕುಳಿತು, ಒಂದು ತುಣುಕನ್ನೂ ಬಾಯಿಗಿಡದೆ, “ರುಚಿ ಅದ್ಭುತ” ಎಂದು ಬರೆದವರಲ್ಲಿ ನಾನೂ ಒಬ್ಬನು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲೊಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ಲೆಕ್ಕದ ಪುಸ್ತಕದಲ್ಲಿ ಸುಳ್ಳು ಬರೆಯಲು ಅಂಜುವ ನಮಗೆ ಮೊಬೈಲಿನಲ್ಲಿ ಬರೆದದ್ದು ಬರಹವೆಂದೇ ತೋರುವುದಿಲ್ಲ!

ಪ್ರಚಾರವೇ ಪಾಪವೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಛಾಯಾಚಿತ್ರ, ಸ್ಪಷ್ಟವಾದ ಬೆಲೆಪಟ್ಟಿ, ಸೂರ್ಯಾಸ್ತಕ್ಕೆ ಮುನ್ನ ಊಟ ಸಿಗುವುದೇ, ಕಂದಮೂಲವಿಲ್ಲದ ತಿನಿಸುಗಳು ಯಾವುವು ಎಂಬ ವಿವರ, ಇವು ಪರಊರಿನಲ್ಲಿರುವ ನಮ್ಮಂಥವರಿಗೆ ಉಪಕಾರವೇ. ಆದರೆ ಆಲೂಗಡ್ಡೆ ಕರಿದ ಎಣ್ಣೆಯಲ್ಲೇ ಕರಿದುದಕ್ಕೆ ‘ಜೈನ್’ ಎಂಬ ಪಟ್ಟಿ ಅಂಟಿಸಿದರೆ? ಉಗ್ರಾಣ ತುಂಬಿರುವಾಗ “ಎರಡೇ ಉಳಿದಿವೆ” ಎಂದು ತೋರಿಸಿದರೆ? ಇಂತಹ ಸುಳ್ಳು ಅವಸರವೂ ಸೇರಿ 13 ಬಗೆಯ ವಂಚಕ ವಿನ್ಯಾಸಗಳನ್ನು ಕೇಂದ್ರ ಸರ್ಕಾರವು 2023ರಲ್ಲಿ ನಿಷೇಧಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ವ್ರತ ಹೇಳಿದ್ದನ್ನು ಕೇಳಲು ನಮಗೆ ದಂಡದ ಭಯ ಬೇಕಾಯಿತೆಂಬುದೇ ನನ್ನ ಸಂಕಟ.

ನಾನು ಬರೆದುದನ್ನು ಅಳಿಸಿ ಹುಡುಗನಿಗೆ ತಿಳಿಸಿದೆನು. “ಮಾವ, ಎದುರಿನ ಅಂಗಡಿಯವನಿಗೆ ನೂರಾರು ನಕ್ಷತ್ರಗಳಿವೆ” ಎಂದು ಅವನು ನೊಂದುಕೊಂಡನು. ಅವನ ಕಷ್ಟವೂ ಸುಳ್ಳಲ್ಲ. ದೀಪಾವಳಿಗೆ ಪುಣೆಗೆ ಹೋಗುತ್ತೇನೆ. ತಿಂದು ನೋಡಿ, ಅನಿಸಿದ್ದನ್ನು ಬರೆಯುವೆನೆಂದು ಮಾತು ಕೊಟ್ಟಿದ್ದೇನೆ.