ಗಾಜಿನ ಮೇಲಿನ ಕಲೆ

ಚಳಿಗಾಲ ದೀರ್ಘವಾಗಿರುವ ಕೆನಡಾ, ಅಮೆರಿಕದಂಥ ದೇಶಗಳ ಅನೇಕ ಮನೆಗಳಲ್ಲಿ ಗ್ಯಾಸ್ ಅಗ್ಗಿಷ್ಟಿಕೆ, ಅಂದರೆ ಅನಿಲವನ್ನು ಉರಿಸಿ ಕೋಣೆಯನ್ನು ಬೆಚ್ಚಗಿಡುವ ಒಲೆ ಇರುತ್ತದೆ. ಉರಿಗೆ ಬೇಕಾದ ಗಾಳಿಯನ್ನು ಮನೆಯ ಹೊರಗಿನಿಂದಲೇ ಎಳೆದುಕೊಂಡು, ಉರಿದ ಅನಿಲವನ್ನು ಹೊರಕ್ಕೇ ಬಿಡುವ ಬಗೆಯ ಅಗ್ಗಿಷ್ಟಿಕೆಯಲ್ಲಿ ಮುಂಭಾಗದ ಗಾಜು ನೋಟಕ್ಕಷ್ಟೇ ಇರುವುದಲ್ಲ. ಮನೆಯವರು ಉಸಿರಾಡುವ ಗಾಳಿಯನ್ನು ಉರಿಯಿಂದ ಬೇರ್ಪಡಿಸುವ ಗೋಡೆಯೂ ಅದೇ ಆಗಿರುತ್ತದೆ. ಹೀಗಾಗಿ ಆ ಗಾಜಿನ ಮೇಲೆ ಕೂರುವ ಕಲೆಯನ್ನು ಒರೆಸುವ ಮುನ್ನ ಅದು ಎಲ್ಲಿಂದ ಬಂತೆಂದು ವಿಚಾರಿಸುವುದು ವಿವೇಕದ ಕೆಲಸ.

ಈ ಗಾಜಿನ ಮೇಲೆ ಮುಖ್ಯವಾಗಿ ಎರಡು ಬಗೆಯ ಕಲೆಗಳು ಕಾಣಿಸುತ್ತವೆ. ಮೊದಲನೆಯದು ಮಂಜಿನಂಥ ಬಿಳಿಯ ಪೊರೆ. ಅಡುಗೆಗೂ ಅಗ್ಗಿಷ್ಟಿಕೆಗೂ ಬಳಕೆಯಾಗುವ ನೈಸರ್ಗಿಕ ಅನಿಲದ ಪ್ರಧಾನ ಅಂಶವಾದ ಮೀಥೇನಿನ ಒಂದು ಅಣು ಪೂರ್ಣವಾಗಿ ಉರಿದಾಗ ಇಂಗಾಲದ ಡೈಆಕ್ಸೈಡಿನ ಒಂದು ಅಣುವಿನೊಡನೆ ನೀರಿನ ಎರಡು ಅಣುಗಳು ಹುಟ್ಟುತ್ತವೆ. ಈ ನೀರಾವಿ ಇನ್ನೂ ಕಾಯದ ಗಾಜಿನ ಮೇಲೆ ಹನಿಗಟ್ಟಿ, ಅನಿಲದಲ್ಲಿರುವ ಗಂಧಕದ ಅಂಶವನ್ನೂ ಸೇರಿಸಿಕೊಂಡು ಒಣಗಿದಾಗ ಬಿಳಿಯ ಪೊರೆ ಉಳಿಯುತ್ತದೆ. ಆ ಗಂಧಕದ ಒಂದು ಮೂಲ ಮರ್ಕ್ಯಾಪ್ಟನ್, ಅಂದರೆ ವಾಸನೆಯೇ ಇಲ್ಲದ ಅನಿಲ ಸೋರಿದರೆ ಜನರಿಗೆ ತಿಳಿಯಲೆಂದು ಬೆರೆಸುವ ದುರ್ವಾಸನೆಯ ವಸ್ತು. ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ 1937ರ ಮಾರ್ಚ್ 18ರಂದು, ಯಾರ ಅರಿವಿಗೂ ಬಾರದೆ ಸೋರಿ ತುಂಬಿಕೊಂಡಿದ್ದ ಅನಿಲ ಸ್ಫೋಟಿಸಿ ಸುಮಾರು 300 ಜನ, ಅವರಲ್ಲಿ ಬಹುಪಾಲು ಮಕ್ಕಳು, ಪ್ರಾಣ ಕಳೆದುಕೊಂಡ ಮೇಲೆ ಈ ಬೆರಕೆಯನ್ನು ಅಲ್ಲಿ ಕಾನೂನು ಕಡ್ಡಾಯಗೊಳಿಸಿತು. ಕರ್ನಾಟಕದ ಅಡುಗೆಮನೆಗಳ ಸಿಲಿಂಡರಿನ ಅನಿಲಕ್ಕೆ ವಾಸನೆ ಕೊಡುವುದೂ ಇದೇ ಜಾತಿಯ ವಸ್ತು. ಬಿಳಿಯ ಪೊರೆಯಲ್ಲಿ ಜೀವ ಕಾಯುವ ಎಚ್ಚರಿಕೆಯೊಂದರ ಶೇಷವೂ ಸೇರಿದೆ; ಪೂರ್ಣ ದಹನದಲ್ಲೂ ಹುಟ್ಟುವ ಈ ಪೊರೆಗೆ ಅಂಜಬೇಕಾಗಿಲ್ಲ. ಆದರೆ ಕಾವಿನಲ್ಲಿ ಮತ್ತೆ ಮತ್ತೆ ಬೆಂದು ಗಾಜಿಗೆ ಶಾಶ್ವತವಾಗಿ ಕಚ್ಚಿಕೊಳ್ಳುವ ಮೊದಲೇ ಅದನ್ನು ತೆಗೆಯಬೇಕು.

ಎರಡನೆಯದು ಕಪ್ಪು ಮಸಿ. ಉರಿಗೆ ಸಾಕಷ್ಟು ಗಾಳಿ ಸಿಗದಿದ್ದಾಗ, ಅಥವಾ ಅಲಂಕಾರಕ್ಕೆಂದು ಜೋಡಿಸಿದ ಕೃತಕ ಕೊರಡುಗಳು ಸ್ಥಾನ ತಪ್ಪಿ ಜ್ವಾಲೆಗೆ ಅಡ್ಡವಾದಾಗ ದಹನ ಅಪೂರ್ಣವಾಗಿ, ಉರಿಯದೆ ಉಳಿದ ಇಂಗಾಲ ಗಾಜಿಗೆ ಮೆತ್ತಿಕೊಳ್ಳುತ್ತದೆ. ಅಪೂರ್ಣ ದಹನದಲ್ಲಿಯೇ ಬಣ್ಣವೂ ವಾಸನೆಯೂ ಇಲ್ಲದ, ಪ್ರಾಣಾಂತಿಕವಾದ ಕಾರ್ಬನ್ ಮಾನಾಕ್ಸೈಡ್ ಕೂಡ ಹುಟ್ಟುವುದರಿಂದ, ಮಸಿಯನ್ನು ಒರೆಸಿ ಸುಮ್ಮನಾಗುವುದು ಅಪಾಯವನ್ನು ಉಳಿಸಿಕೊಂಡು ಅದರ ಗುರುತನ್ನು ಮಾತ್ರ ಅಳಿಸಿದಂತಾಗುತ್ತದೆ. ಅಗ್ಗಿಷ್ಟಿಕೆಯನ್ನು ಆರಿಸಿ, ಬಲ್ಲ ತಂತ್ರಜ್ಞರಿಂದ ಪರೀಕ್ಷೆ ಮಾಡಿಸುವುದೇ ಸರಿಯಾದ ಕ್ರಮ.

ಶುಚಿಗೊಳಿಸುವ ವಿಧಾನಕ್ಕೂ ತಾಳ್ಮೆ ಬೇಕು. ಅನಿಲವನ್ನು ನಿಲ್ಲಿಸಿ, ಗಾಜು ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಅಮೋನಿಯಾ ಇರುವ ದ್ರಾವಣವನ್ನೂ ಒರಟು ಪುಡಿಯನ್ನೂ ದೂರವಿಟ್ಟು, ಇದಕ್ಕೆಂದೇ ತಯಾರಾದ ದ್ರಾವಣವನ್ನು ಮೆತ್ತನೆಯ ಬಟ್ಟೆಯಲ್ಲಿ ಹಚ್ಚಿ ಒರೆಸಬೇಕು. ಅನೇಕ ಅಗ್ಗಿಷ್ಟಿಕೆಗಳಲ್ಲಿ ಬಳಸುವ ಗಾಜು-ಸೆರಾಮಿಕ್, ಅಂದರೆ ಒಳಗೆ ಸೂಕ್ಷ್ಮ ಹರಳುಗಳನ್ನು ಬೆಳೆಸಿದ ಗಾಜು, ಕಾದರೂ ಹೆಚ್ಚು ಹಿಗ್ಗದ ಕಾರಣ ತೀವ್ರ ಶಾಖವನ್ನು ತಡೆದುಕೊಳ್ಳುತ್ತದೆಯಾದರೂ ಮೈಮೇಲೆ ಗೀರು ಬಿದ್ದರೆ ಅದರ ಬಲವೂ ಕುಗ್ಗುತ್ತದೆ. ಒರೆಸಲು ಬಿಚ್ಚಿದ ಗಾಜನ್ನು ಮರಳಿ ಕೂರಿಸುವಾಗ ಅಂಚಿನ ಗಾಳಿತಡೆ ಪಟ್ಟಿ ಎಲ್ಲಿಯೂ ಸಂದು ಬಿಡದೆ ಬಿಗಿಯಾಗಿದೆಯೇ ಎಂದು ನೋಡಬೇಕು.

ಇಂಥ ಅಗ್ಗಿಷ್ಟಿಕೆ ಇಲ್ಲದ ಮನೆಗೂ ಈ ವಿವೇಕ ಸಲ್ಲುತ್ತದೆ. ಗ್ಯಾಸ್ ಒಲೆಯ ಮೇಲಿಟ್ಟ ಪಾತ್ರೆಯ ತಳ ದಿನವೂ ಕಪ್ಪಾಗುತ್ತಿದ್ದರೆ, ನೀಲಿಯಾಗಿರಬೇಕಾದ ಜ್ವಾಲೆ ಹಳದಿಗೆ ತಿರುಗಿದ್ದರೆ, ಉಜ್ಜಬೇಕಾದದ್ದು ಪಾತ್ರೆಯೊಂದನ್ನೇ ಅಲ್ಲ, ರಂಧ್ರ ಕಟ್ಟಿಕೊಂಡ ಬರ್ನರನ್ನೂ ಕೂಡ. ಕೊಳೆಯನ್ನು ಕಂಡೊಡನೆ ಅಳಿಸಲು ಹೊರಡುವ ಕೈ ಒಂದು ಕ್ಷಣ ತಡೆದು ಅದರ ಮೂಲವನ್ನು ಹುಡುಕಿದರೆ, ಶುಚಿತ್ವದ ಜೊತೆಗೆ ಮನೆಯವರ ಕ್ಷೇಮವೂ ದೊರೆಯುತ್ತದೆ.